ಮಂಜುಗಡ್ಡೆಯ ಮೇಲೊಂದು ಗಾಳ

ಜನವರಿ ತಿಂಗಳ ಒಂದು ಮುಂಜಾವು ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಯಾವುದಾದರೊಂದು ಸರೋವರದ ದಂಡೆಯಲ್ಲಿ ನಿಂತು ನೋಡುವವನಿಗೆ, ತನ್ನ ಕಣ್ಣನ್ನು ತಾನು ನಂಬಬೇಕೋ ಬೇಡವೋ ಎಂಬ ಸಂದೇಹ ಹುಟ್ಟುವುದು ಸಹಜ. ನೀರಿರಬೇಕಾದ ಕಡೆ ಬೆಳ್ಳನೆಯ ಬಯಲು. ಬಯಲಿನ ಮೇಲೆ ಅಲ್ಲೊಂದು ಇಲ್ಲೊಂದು ಮರದ ಗುಡಿಸಲು. ಕೆಲವು ಗುಡಿಸಲುಗಳ ತಗಡಿನ ಕೊಳವೆಯಿಂದ ಏಳುತ್ತಿರುವ ಹೊಗೆ. ಅವುಗಳ ನಡುವೆ ಮೋಟಾರು ಗಾಡಿಗಳು ಓಡಾಡಿದ ಜಾಡು. ಇವೆಲ್ಲದರ ಆಚೆಗೆ, ಮೈತುಂಬ ಉಣ್ಣೆಯನ್ನು ಹೊದ್ದು, ಮಗುಚಿದ ಬಕೆಟ್ಟಿನ ಮೇಲೆ ಕುಳಿತು, ಕಾಲ ಬಳಿಯಲ್ಲಿರುವ ಒಂದು ಸಣ್ಣ ತೂತನ್ನು ಎವೆಯಿಕ್ಕದೆ ನೋಡುತ್ತಿರುವ ಒಬ್ಬ ಮನುಷ್ಯ. ಯಾವುದೋ ವ್ರತದಲ್ಲಿ ಕುಳಿತವನಂತೆ ಕಾಣುವ ಆ ಮಹಾಶಯನು ಮಾಡುತ್ತಿರುವ ಕೆಲಸ ಬಹಳ ಲೌಕಿಕವಾದದ್ದು. ಅವನು ಮೀನು ಹಿಡಿಯುತ್ತಿದ್ದಾನೆ.

ಕಾವೇರಿಯ ಮಡುವಿನಲ್ಲಿ, ತುಂಗಭದ್ರೆಯ ದಡದಲ್ಲಿ, ಊರ ಕೆರೆಯ ಏರಿಯ ಮೇಲೆ ಗಾಳ ಹಿಡಿದು ಕುಳಿತವರನ್ನು ಕನ್ನಡಿಗರೆಲ್ಲರೂ ಕಂಡಿದ್ದಾರೆ. ಅಲ್ಲಿ ಗಾಳಗಾರನು ನೆಲದ ಮೇಲಿರುತ್ತಾನೆ, ಮೀನು ನೀರಿನಲ್ಲಿರುತ್ತದೆ. ಇಬ್ಬರ ಸೀಮೆಯೂ ಬೇರೆ ಬೇರೆ. ಆಟದಲ್ಲಿ ಸೋತರೆ ಗಾಳಗಾರನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ, ಅಷ್ಟೆ. ಮಿನ್ನೆಸೋಟದ ಗಾಳಗಾರನಾದರೋ ಮೀನಿನ ಮನೆಯ ಮಾಳಿಗೆಯ ಮೇಲೆಯೇ ಹೋಗಿ ಕುಳಿತಿದ್ದಾನೆ. ಆ ಮಾಳಿಗೆ ಗಟ್ಟಿಯಾಗಿದೆಯೇ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ ಮೇಲಲ್ಲವೇ ಮೀನಿನ ಮಾತು? ಈ ವಿನೋದಕ್ಕೆ ಹೊಸದಾಗಿ ಇಳಿಯುವವರು ಬಗೆಬಗೆಯ ಗಾಳಗಳನ್ನೂ ದಾರಗಳನ್ನೂ ಕುರಿತು ವಿಚಾರಿಸುತ್ತಾರೆ. ಹಳಬರು ವಿಚಾರಿಸುವುದು ಗಡ್ಡೆಯ ದಪ್ಪವನ್ನು.

ಬೆಂಗಳೂರು, ಮೈಸೂರುಗಳಿಂದ ಹೋಗಿ ಮಿನಿಯಾಪೊಲಿಸ್ ನಗರದ ಸುತ್ತಮುತ್ತ ಸಂಸಾರ ಹೂಡಿರುವವರು ಈಗ ಬಹಳ ಮಂದಿ ಇದ್ದಾರೆ. ಅಲ್ಲಿ ಹುಟ್ಟಿ ಬೆಳೆದ ಮಗು, ಸಹಪಾಠಿಗಳೆಲ್ಲರೂ ಭಾನುವಾರ ಸರೋವರದ ಮೇಲೆ ಹೋಗುವುದನ್ನು ಕಂಡು ತಾನೂ ಹೋಗಬೇಕೆಂದು ಹಟ ಹಿಡಿದರೆ, ಮಾವಿನ ತೋರಣದ ನಾಡಿನಿಂದ ಹೋದ ತಂದೆತಾಯಿಗಳಿಗೆ ಏನು ತೋಚೀತು? ಮೀನನ್ನು ಮನೆಯೊಳಕ್ಕೆ ತರದ ಸಂಪ್ರದಾಯದವರಿಗೂ ಮಗುವಿನ ಕಾಲ ಕೆಳಗಿನ ಗಡ್ಡೆಯ ಸುದ್ದಿ ಬೇಕಾದದ್ದೇ.

ಮೊದಲು ಒಂದು ಸಂಶಯವನ್ನು ಕಳೆದುಕೊಳ್ಳಬೇಕು. ಸರೋವರವೆಲ್ಲ ಕಲ್ಲಾಗಿರುವಾಗ ಒಳಗೆ ಮೀನು ಬದುಕಿರುವುದು ಹೇಗೆ? ನೀರಿನ ಒಂದು ವಿಚಿತ್ರ ಗುಣವೇ ಇದಕ್ಕೆ ಕಾರಣ. ಸಾಮಾನ್ಯವಾಗಿ ಪದಾರ್ಥಗಳು ತಣ್ಣಗಾದಷ್ಟೂ ಸಂಕುಚಿತವಾಗಿ ಸಾಂದ್ರವಾಗುತ್ತವೆ. ನೀರು ಮಾತ್ರ ಸುಮಾರು ೪ ಡಿಗ್ರಿ ಸೆಲ್ಸಿಯಸ್ಸಿನವರೆಗೆ ಆ ನಿಯಮವನ್ನು ಪಾಲಿಸಿ, ಅಲ್ಲಿಂದ ಮುಂದೆ ತಣ್ಣಗಾಗುತ್ತ ಹೋದಂತೆ ಹಗುರವಾಗತೊಡಗುತ್ತದೆ. ಹೀಗಾಗಿ ಶರತ್ಕಾಲದ ಕೊನೆಯಲ್ಲಿ ೪ ಡಿಗ್ರಿಯ ಭಾರವಾದ ನೀರು ತಳಕ್ಕಿಳಿದು ನಿಲ್ಲುತ್ತದೆ. ಅದಕ್ಕಿಂತ ತಣ್ಣನೆಯ ನೀರು ಮೇಲುಳಿದು ಸೊನ್ನೆಯಲ್ಲಿ ಹೆಪ್ಪುಗಟ್ಟುತ್ತದೆ. ಗಡ್ಡೆಯು ನೀರಿಗಿಂತ ಹಗುರವಾದ್ದರಿಂದ ತೇಲುತ್ತದೆ; ಹತ್ತರಲ್ಲಿ ಒಂಬತ್ತು ಪಾಲು ಮುಳುಗಿ, ಒಂದು ಪಾಲಿನಷ್ಟು ಮಾತ್ರ ನೀರಿನ ಮಟ್ಟಕ್ಕಿಂತ ಮೇಲಿರುತ್ತದೆ. ಒಂದು ಅಡಿ ದಪ್ಪದ ಗಡ್ಡೆಯಲ್ಲಿ ತೂತು ಕೊರೆದರೆ ಅಂಚಿನಿಂದ ಒಂದೇ ಅಂಗುಲದಷ್ಟು ಕೆಳಗೆ ನೀರು ನಿಂತಿರುವುದನ್ನು ಕಂಡು ಹೊಸಬರು ಬೆಚ್ಚುವುದುಂಟು. ಬೆಚ್ಚಬೇಕಾದದ್ದಿಲ್ಲ; ತೇಲುವ ವಸ್ತುವಿನ ಲೆಕ್ಕವೇ ಅದು. ನೀರು ಉಳಿದ ಪದಾರ್ಥಗಳಂತೆ ವರ್ತಿಸಿದ್ದರೆ ಗಡ್ಡೆ ತಳಕ್ಕೆ ಮುಳುಗಿ, ಸರೋವರಗಳು ಬುಡದಿಂದ ಮೇಲಕ್ಕೆ ಹೆಪ್ಪುಗಟ್ಟಿ, ಆ ಶೀತದೇಶಗಳ ಕೆರೆಗಳಲ್ಲಿ ಮೀನಿನ ಸಂತತಿಯೇ ಉಳಿಯುತ್ತಿರಲಿಲ್ಲ. ಗಾಳಗಾರನು ಕುಳಿತಿರುವ ಹಲಗೆಯೇ ಮೀನಿಗೆ ಹೊದಿಕೆ.

ಈ ಹೊದಿಕೆ ಎಲ್ಲ ಕಡೆಯೂ ಒಂದೇ ಸಮನಾಗಿರುವುದಿಲ್ಲ; ಅಪಾಯದ ಮೂಲ ಇಲ್ಲಿಯೇ ಇದೆ. ಮನೆಯ ಜಗುಲಿಯಂತೆ ಮಟ್ಟಸವಾಗಿ ಕಾಣುವ ಆ ಬಯಲು ಒಂದು ಕಡೆ ಒಂದು ಅಡಿ ದಪ್ಪವಿದ್ದು, ಇಪ್ಪತ್ತು ಮಾರು ಆಚೆಗೆ ಎರಡೇ ಅಂಗುಲವಿರಬಹುದು. ಹಳ್ಳವೊಂದು ಬಂದು ಸೇರುವ ಬಾಯಿ, ತಳದಲ್ಲಿ ಬುಗ್ಗೆ ಏಳುವ ತಾವು, ಸೇತುವೆಯ ಅಡಿ, ಎರಡು ದಿಣ್ಣೆಗಳ ನಡುವೆ ನೀರು ಹರಿಯುವ ಇಕ್ಕಟ್ಟು, ಜೊಂಡು ಬೆಳೆದ ಅಂಚು, ಇವುಗಳೆಲ್ಲ ಹರಿವಿನಿಂದಲೋ ಬಿಸಿಯಿಂದಲೋ ತೆಳುವಾಗಿಯೇ ಉಳಿಯುತ್ತವೆ. ಮೇಲೆ ಹಿಮ ಬಿದ್ದು ಮುಚ್ಚಿದ್ದರೆ ಕಣ್ಣಿಗೆ ಯಾವ ಗುರುತೂ ಸಿಗದು. ಆ ಹಿಮವೂ ನಿರಪಾಯವಾದದ್ದಲ್ಲ: ಕಂಬಳಿಯಂತೆ ಹೊದೆದು ಗಾಳಿಯ ಚಳಿ ಕೆಳಗಿಳಿಯದಂತೆ ತಡೆದು, ಗಡ್ಡೆಯು ದಪ್ಪವಾಗುವುದನ್ನು ನಿಧಾನಗೊಳಿಸುತ್ತದೆ. ಹೊರಗೆ ಮೂಗು ಉದುರುವಂಥ ಚಳಿಯಿದೆ, ಆದ್ದರಿಂದ ಗಡ್ಡೆಯೂ ಗಟ್ಟಿಯಾಗಿರಲೇಬೇಕು ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ.

ಬಣ್ಣವನ್ನು ನೋಡುವುದನ್ನೂ ಕಲಿಯಬೇಕಾಗುತ್ತದೆ. ಹೊಸದಾಗಿ ಕಟ್ಟಿದ, ಕಪ್ಪಾಗಿ ಅಥವಾ ನೀಲಿಯಾಗಿ ತೋರುವ ನಿರ್ಮಲವಾದ ಗಡ್ಡೆ ಅತ್ಯಂತ ಬಲವಾದದ್ದು. ಹಾಲಿನಂತೆ ಬೆಳ್ಳಗಿರುವುದು ಹಿಮವು ನೆನೆದು ಮತ್ತೆ ಹೆಪ್ಪುಗಟ್ಟಿದ್ದು. ಅದರೊಳಗೆ ಗಾಳಿಯ ಗುಳ್ಳೆಗಳು ತುಂಬಿರುವುದರಿಂದ ಬಲ ಅರ್ಧದಷ್ಟೇ. ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯು ಜನರಿಗಾಗಿ ಹೊರಡಿಸಿರುವ ಸೂಚನೆಯಂತೆ, ನಿರ್ಮಲವಾದ ಹೊಸ ಗಡ್ಡೆಯಾದರೂ ೪ ಅಂಗುಲಕ್ಕೆ ಕಡಮೆಯಿದ್ದರೆ ಕಾಲಿಡಕೂಡದು. ೪ ಅಂಗುಲವಿದ್ದರೆ ನಡೆದು ಹೋಗಬಹುದು. ಹಿಮದ ಮೇಲೆ ಓಡುವ ಸಣ್ಣ ಯಂತ್ರಗಾಡಿಗೆ ೫ರಿಂದ ೭ ಅಂಗುಲ, ಚಿಕ್ಕ ಕಾರಿಗೆ ೯ರಿಂದ ೧೦ ಅಂಗುಲ ಬೇಕು. ಭಾರವಾದ ಟ್ರಕ್ಕುಗಳಿಗೆ ಒಂದು ಅಡಿಯೂ ಸಾಲದು. ಬಿಳಿಯ ಗಡ್ಡೆಯಾದರೆ ಈ ಅಳತೆಗಳನ್ನೆಲ್ಲ ಇಮ್ಮಡಿ ಮಾಡಿಕೊಳ್ಳಬೇಕು. ಇಷ್ಟನ್ನು ಹೇಳಿದ ಇಲಾಖೆಯೇ, ಪೂರ್ಣವಾಗಿ ನಿರ್ಭಯವಾದ ಗಡ್ಡೆಯೆಂಬುದು ಯಾವುದೂ ಇಲ್ಲವೆಂದು ಕೂಡಿಸುತ್ತದೆ. ಸರ್ಕಾರದ ಇಲಾಖೆಯೊಂದು ತನ್ನ ಕೋಷ್ಟಕವನ್ನೇ ಪೂರ್ತಿ ನಂಬಬೇಡಿರೆಂದು ಹೇಳುವುದು ಅಪರೂಪ. ಹೇಳಿದಾಗ ಕೇಳುವುದು ಲೇಸು.

ಅಳೆಯುವ ಕ್ರಮ ಬಹಳ ಸರಳ. ಹೊಸಬನ ಕೈಯಲ್ಲಿ ಗಾಳಕ್ಕಿಂತ ಮೊದಲು ಇರಬೇಕಾದದ್ದು ಒಂದು ಹಾರೆ. ತುದಿಯಲ್ಲಿ ಉಳಿಯಂತೆ ಹರಿತವಾಗಿರುವ, ಎದೆಯೆತ್ತರದ ಕಬ್ಬಿಣದ ಸಲಾಕೆ. ದಂಡೆಯಿಂದ ಹೊರಟವನು ಹೆಜ್ಜೆಹೆಜ್ಜೆಗೂ ತನ್ನ ಮುಂದಿನ ಗಡ್ಡೆಯನ್ನು ಅದರಿಂದ ಬಲವಾಗಿ ಕುಟ್ಟುತ್ತ ಹೋಗುತ್ತಾನೆ. ಗಟ್ಟಿಯಾದ ಗಡ್ಡೆ ಕಲ್ಲಿನಂತೆ ಎದುರು ನುಡಿಯುತ್ತದೆ. ತೆಳುವಾದದ್ದು ಪೊಳ್ಳು ಸದ್ದು ಮಾಡುತ್ತದೆ. ಒಂದೆರಡು ಪೆಟ್ಟಿಗೆ ಹಾರೆ ತೂರಿ ನೀರು ಚಿಮ್ಮಿತೆಂದರೆ ಮುಂದಿನ ಹೆಜ್ಜೆಯ ಮಾತೇ ಇಲ್ಲ; ಬಂದ ಹೆಜ್ಜೆಯ ಗುರುತಿನಲ್ಲಿಯೇ ಹಿಂದಕ್ಕೆ. ಪೆಟ್ಟನ್ನು ತಡೆದರೆ, ಬೈರಿಗೆಯಿಂದ ತೂತು ಕೊರೆದು, ಅಂಗುಲದ ಗುರುತುಗಳಿರುವ ಕೋಲನ್ನು ಇಳಿಬಿಟ್ಟು, ಕೋಲಿನ ಕೊಕ್ಕೆಯನ್ನು ಗಡ್ಡೆಯ ತಳದಂಚಿಗೆ ಸಿಕ್ಕಿಸಿ ಓದಿಕೊಳ್ಳಬೇಕು. ನೂರೈವತ್ತು ಅಡಿಗೊಮ್ಮೆಯಾದರೂ ಹೀಗೆ ಅಳೆಯಬೇಕೆಂಬುದು ಅಲ್ಲಿನ ಸಲಹೆ. ನಿನ್ನೆ ಪಕ್ಕದ ಮನೆಯವನು ಹೋಗಿ ಬಂದನೆಂಬುದು ಅಳತೆಯಲ್ಲ. ಹತ್ತು ಮಂದಿ ದೂರದಲ್ಲಿ ಕುಳಿತಿದ್ದಾರೆಂಬುದೂ ಅಳತೆಯಲ್ಲ. ಅವರು ಯಾವ ದಾರಿಯಿಂದ ಹೋದರೆಂಬುದು ಯಾರಿಗೆ ಗೊತ್ತು?

ಸದ್ದಿನ ಮಾತು ಬಂದದ್ದರಿಂದ ಒಂದು ವಿಷಯ. ಹೆಪ್ಪುಗಟ್ಟಿದ ಸರೋವರ ಮೌನವಾಗಿರುವುದಿಲ್ಲ. ಚಳಿ ಏರಿದಂತೆ ಗಡ್ಡೆ ಸಂಕೋಚಗೊಂಡು, ದೂರದಲ್ಲಿ ಫಿರಂಗಿ ಹಾರಿಸಿದಂತೆಯೋ, ಭಾರಿ ತಂತಿಯೊಂದನ್ನು ಮಿಡಿದಂತೆಯೋ ಸದ್ದು ಮಾಡುತ್ತದೆ. ಕಾಲಡಿಯಲ್ಲಿಯೇ ಬಿರುಕೊಂದು ಮಿಂಚಿನಂತೆ ಓಡಿಹೋಗುವುದೂ ಉಂಟು. ಮೊದಲ ಸಲ ಕೇಳಿದವನ ಎದೆ ನೀರಾಗುತ್ತದೆ. ಆದರೆ ಈ ಗುಡುಗು ಬಹುಮಟ್ಟಿಗೆ ಗಡ್ಡೆಯು ಬೆಳೆಯುತ್ತಿರುವುದರ ಲಕ್ಷಣವೇ ಹೊರತು ಒಡೆಯುತ್ತಿರುವುದರದಲ್ಲ. ವಸಂತ ಸಮೀಪಿಸಿದಾಗಿನ ಗಡ್ಡೆಯ ಕಥೆಯೇ ಬೇರೆ: ಬಿಸಿಲು ಒಳಹೊಕ್ಕು ಅದನ್ನು ನೆಟ್ಟನೆಯ ಕಡ್ಡಿಗಳಾಗಿ ಬಿಡಿಸಿಬಿಟ್ಟಿರುತ್ತದೆ. ಎರಡು ಅಡಿ ದಪ್ಪವಿದ್ದರೂ ಅದಕ್ಕೆ ಬಲವಿಲ್ಲ, ಸದ್ದೂ ಇಲ್ಲ. ನಿಂತವನ ಕೆಳಗೆ ಸುಮ್ಮನೆ ಕುಸಿಯುತ್ತದೆ.

ದಪ್ಪವೊಂದನ್ನೇ ನೆಚ್ಚಿಕೊಂಡರೂ ಸಾಲದೆಂಬುದಕ್ಕೆ ದೊಡ್ಡ ಸರೋವರಗಳು ಸಾಕ್ಷಿ. ಮಿನ್ನೆಸೋಟದ ಉತ್ತರದಲ್ಲಿರುವ ಅಪ್ಪರ್ ರೆಡ್ ಲೇಕ್ ಎಂಬ ಸರೋವರ ಆಳ ಕಡಮೆಯಾದದ್ದರಿಂದ ಬೇಗ ಹೆಪ್ಪುಗಟ್ಟುತ್ತದೆ. ಹಂಗಾಮಿನ ಮೊದಲ ಮೀನಿನ ಆಸೆಗೆ ಜನ ಅಲ್ಲಿಗೆ ನುಗ್ಗುತ್ತಾರೆ. ೨೦೨೨ರ ನವೆಂಬರ್ ೨೮ರಂದು ಅಲ್ಲಿಯ ಗಡ್ಡೆಯ ಒಂದು ಭಾರಿ ಹಲಗೆ ದಂಡೆಯಿಂದ ಬಿಟ್ಟುಕೊಂಡು, ಸುಮಾರು ಇನ್ನೂರು ಮಂದಿ ನೀರಿನಾಚೆ ಸಿಕ್ಕಿಬಿದ್ದರು. ಮರುವರ್ಷ, ೨೦೨೩ರ ಡಿಸೆಂಬರ್ ೨೯ರಂದು, ಅದೇ ಸರೋವರದಲ್ಲಿ ಅದೇ ರೀತಿ ನೂರಕ್ಕೂ ಹೆಚ್ಚು ಮಂದಿಯನ್ನು ಕರೆತರಬೇಕಾಯಿತು. ಓಹಿಯೋ ಸಂಸ್ಥಾನದ ಅಂಚಿನಲ್ಲಿರುವ ಈರೀ ಮಹಾಸರೋವರದಲ್ಲಿ ೨೦೦೯ರ ಫೆಬ್ರವರಿ ೭ರಂದು ನಡೆದದ್ದು ಇನ್ನೂ ಗಂಭೀರವಾದ ಪ್ರಸಂಗ. ಗಡ್ಡೆಯಲ್ಲಿದ್ದ ಬಿರುಕನ್ನು ಗಾಳಗಾರರು ಕಂಡಿರಲಿಲ್ಲವೆಂದಲ್ಲ. ಕಂಡು, ಅದರ ಮೇಲೆ ಮರದ ಹಲಗೆಗಳನ್ನು ಹಾಸಿ ಸೇತುವೆ ಮಾಡಿಕೊಂಡು ದಾಟಿ ಹೋಗಿದ್ದರು. ಹೊತ್ತೇರಿದಂತೆ ಗಾಳಿ ಎದ್ದು ಬಿರುಕು ಅಗಲವಾಯಿತು. ಸೇತುವೆ ಉಪಯೋಗಕ್ಕೆ ಬಾರದಾಯಿತು. ಸುಮಾರು ೧೩೦ ಮಂದಿಯನ್ನು ಹೆಲಿಕಾಪ್ಟರು, ದೋಣಿಗಳ ಸಹಾಯದಿಂದ ಕಾಪಾಡಿದರು. ಒಬ್ಬನು ಮರಳಿ ಬರಲಿಲ್ಲ.

ಆ ಹಲಗೆಯ ಸೇತುವೆಯ ವಿಷಯ ಯೋಚನೆಗೆ ಹಚ್ಚುವಂಥದು. ತಿಳಿಯದೆ ಹೋದವರನ್ನು ಹೊಸಬರೆನ್ನಬಹುದು. ಬಿರುಕನ್ನು ನೋಡಿ, ಸೇತುವೆ ಹಾಸಿ ಹೋದವರು ಹಳಬರೇ ಇರಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಸಂಜೆಗೆ ಯಾವ ಕಡೆ ತಿರುಗಲಿದೆ ಎಂಬುದನ್ನು ಹೊರಡುವ ಮುನ್ನ ಹವಾಮಾನದ ವರದಿಯಲ್ಲಿ ನೋಡಿಕೊಳ್ಳುವುದು ಮಹಾಸರೋವರಗಳ ಮೇಲೆ ಅಂಗುಲದ ಕೋಲಿನಷ್ಟೇ ಮುಖ್ಯ. ಹೊಸಬನು ಮೊದಲ ಎರಡು ಮೂರು ಚಳಿಗಾಲಗಳಲ್ಲಿ ಚಿಕ್ಕ ಸರೋವರಗಳನ್ನೇ, ಅದೂ ಸ್ಥಳವನ್ನು ಬಲ್ಲವರ ಜೊತೆಯಲ್ಲಿ, ಆರಿಸಿಕೊಳ್ಳುವುದು ವಿವೇಕ. ಒಬ್ಬನೇ ಹೋಗುವುದು ಹಳಬರಿಗೂ ತಕ್ಕದ್ದಲ್ಲ.

ಆದರೂ ಗಡ್ಡೆ ಒಡೆದು ಬಿದ್ದರೆ? ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಎಂಬ ಗಾದೆಯನ್ನು ಕಟ್ಟಿದವರು ಹೆಪ್ಪುಗಟ್ಟುವ ಕೆರೆಗಳನ್ನು ಕಂಡವರಲ್ಲ. ಕೆನಡದ ಮ್ಯಾನಿಟೋಬ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬುವರು ಕೊರೆಯುವ ನೀರಿನಲ್ಲಿ ಮನುಷ್ಯದೇಹ ಏನಾಗುತ್ತದೆಂಬುದನ್ನು ಅನೇಕ ವರ್ಷ ಅಭ್ಯಾಸ ಮಾಡಿದವರು. ಇತರರನ್ನು ನೀರಿಗಿಳಿಸಿ ತಾವು ದಡದಲ್ಲಿ ನಿಂತವರಲ್ಲ. ಪ್ರಯೋಗಕ್ಕಾಗಿ ತಾವೇ ಹಲವಾರು ಸಲ ಮಂಜಿನ ನೀರಿನಲ್ಲಿ ಮುಳುಗಿ ನೋಡಿದವರು. ಅವರು ಜನಸಾಮಾನ್ಯರಿಗೆ ಕಲಿಸುವ ಸೂತ್ರ ಮೂರು ಅಂಕೆಗಳದು: ಒಂದು, ಹತ್ತು, ಒಂದು. ಬಿದ್ದ ಕೂಡಲೇ ಉಸಿರು ತಾನಾಗಿಯೇ ಏದುಸಿರಾಗಿ ಹತೋಟಿ ತಪ್ಪುತ್ತದೆ. ಅದನ್ನು ಸ್ಥಿಮಿತಕ್ಕೆ ತಂದುಕೊಳ್ಳಲು ಒಂದು ನಿಮಿಷ. ಆಮೇಲೆ ಕೈಕಾಲುಗಳು ಹೇಳಿದಂತೆ ಕೇಳುವುದು ಸುಮಾರು ಹತ್ತು ನಿಮಿಷ. ಅನಂತರ ದೇಹದ ಒಳಬಿಸಿ ಇಳಿದು ಪ್ರಜ್ಞೆ ತಪ್ಪುವುದಕ್ಕೆ ಸುಮಾರು ಒಂದು ಗಂಟೆ. ಬಿದ್ದವನು ಕ್ಷಣದಲ್ಲಿ ಮರಗಟ್ಟಿ ಸಾಯುತ್ತಾನೆಂಬ ಸಾಮಾನ್ಯ ಭಾವನೆ ತಪ್ಪು. ಆ ತಪ್ಪು ಭಾವನೆಯೇ ಗಾಬರಿಗೆ ಕಾರಣ. ಗಾಬರಿಯಲ್ಲಿ ಮೊದಲ ನಿಮಿಷದಲ್ಲಿಯೇ ನೀರು ಕುಡಿದು ಮುಳುಗುವವರುಂಟು.

ಮೇಲೇಳುವ ಕ್ರಮವೂ ಅವರ ಪಾಠದಲ್ಲಿದೆ. ಬಿದ್ದವನು ತಾನು ಬಂದ ದಿಕ್ಕಿಗೆ ತಿರುಗಬೇಕು. ಅಷ್ಟು ದೂರದ ಗಡ್ಡೆ ತನ್ನನ್ನು ಹೊತ್ತಿತ್ತೆಂಬುದೊಂದು ನಿಶ್ಚಯವಾಗಿ ಗೊತ್ತಿದೆಯಷ್ಟೆ. ಮೊಣಕೈಗಳನ್ನು ಅಂಚಿನ ಮೇಲಿಟ್ಟು, ಈಜುವವನಂತೆ ಕಾಲುಗಳನ್ನು ಬಡಿಯುತ್ತ ದೇಹವನ್ನು ನೀರಿನಲ್ಲಿ ಅಡ್ಡವಾಗಿಸಿ, ಹೊಟ್ಟೆಯ ಮೇಲೆ ಜಾರಿ ಗಡ್ಡೆಗೇರಬೇಕು. ನುಣ್ಣನೆಯ ಗಡ್ಡೆಯಲ್ಲಿ ಬರಿಗೈಗೆ ಹಿಡಿತ ಸಿಗುವುದಿಲ್ಲ. ಅದಕ್ಕಾಗಿಯೇ ಮೊನಚಾದ ಮೊಳೆ ಕೂರಿಸಿದ ಎರಡು ಮರದ ಹಿಡಿಗಳನ್ನು ದಾರದಲ್ಲಿ ಪೋಣಿಸಿ ಕೊರಳಿಗೆ ತೂಗಿಹಾಕಿಕೊಂಡಿರುತ್ತಾರೆ. ಮಕ್ಕಳ ಆಟಿಕೆಯಂತಿರುವ ಈ ಸಾಧನಕ್ಕೆ ತಗಲುವ ಖರ್ಚು ಅತ್ಯಲ್ಪ. ಚೀಲದ ತಳದಲ್ಲಿಟ್ಟರೆ ಪ್ರಯೋಜನವಿಲ್ಲ, ಎದೆಯ ಮೇಲೆಯೇ ಇರಬೇಕು. ಮೇಲೆದ್ದವನು ಕೂಡಲೇ ನಿಲ್ಲಬಾರದು. ಭಾರವೆಲ್ಲ ಎರಡು ಪಾದಗಳಿಗಿಳಿದರೆ ಗಡ್ಡೆ ಮತ್ತೆ ಒಡೆದೀತು. ಉರುಳುತ್ತ ಉರುಳುತ್ತ ದೂರ ಸರಿಯಬೇಕು. ಅಂಗಪ್ರದಕ್ಷಿಣೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟನ್ನು ಓದಿ ಯಾರಾದರೂ ಗಾಳವನ್ನೇ ಮೂಲೆಗೆಸೆಯುವಂತಾದರೆ ಅದೂ ಸಲ್ಲದು. ಎಚ್ಚರವುಳ್ಳವರಿಗೆ ಇದು ತೀರ ಸಾಧುವಾದ, ಸೋವಿಯಾದ ವಿನೋದ. ಬೇಸಗೆಯ ಮೀನುಗಾರಿಕೆಗೆ ದೋಣಿ ಬೇಕು, ಉದ್ದನೆಯ ಕೋಲು ಬೇಕು, ದೂರ ಎಸೆಯುವ ಕೈಚಳಕ ಬೇಕು. ಇಲ್ಲಿ ನೀರಿನ ಯಾವ ಭಾಗಕ್ಕಾದರೂ ನಡೆದೇ ಹೋಗಬಹುದು; ಕೋಲು ಎರಡು ಮೂರು ಅಡಿಯದಾದರೆ ಸಾಕು; ಎಸೆಯುವ ಪ್ರಶ್ನೆಯೇ ಇಲ್ಲ. ಆರು ಅಥವಾ ಎಂಟು ಅಂಗುಲ ಅಗಲದ ತೂತು ಕೊರೆಯುವ ಕೈಬೈರಿಗೆ, ತೂತಿನಲ್ಲಿ ಮತ್ತೆ ಮತ್ತೆ ಕಟ್ಟುವ ಮಂಜಿನ ಪುಡಿಯನ್ನು ತೋಡಿ ತೆಗೆಯುವುದಕ್ಕೆ ಬೂಂದಿ ಕರಿಯುವ ಸಟ್ಟುಗದಂಥ ತೂತಿನ ಸೌಟು, ಸಣ್ಣ ಗಾಳಗಳು, ಎರೆ, ಕುಳಿತುಕೊಳ್ಳಲು ಬಕೆಟ್ಟು. ಆ ಬಕೆಟ್ಟೇ ಹೋಗುವಾಗ ಸಾಮಾನಿನ ಬುಟ್ಟಿ, ಬರುವಾಗ ಮೀನಿನ ಬುಟ್ಟಿ. ಬೈರಿಗೆ ತಿರುಗಿಸಿ ಮೈ ಬೆವರಿತೆಂದರೆ ಅಪಾಯ. ಬೆವರಿದ ಬಟ್ಟೆ ಆಮೇಲೆ ತಣ್ಣಗಾಗಿ ಕೊರೆಯುತ್ತದೆ. ಆದ್ದರಿಂದ ಮೈಗೆ ತಗಲುವ ಬಟ್ಟೆ ಹತ್ತಿಯದಾಗಿರಬಾರದು, ಉಣ್ಣೆಯದಿರಬೇಕು; ಕೊರೆಯುವಾಗ ಮೇಲಂಗಿಯನ್ನು ಬಿಚ್ಚಿಟ್ಟು, ಕುಳಿತಾಗ ತೊಟ್ಟುಕೊಳ್ಳಬೇಕು. ತೀರ ಚಳಿಯ ದಿನ ಮನೆಯಲ್ಲಿರುವುದೇ ಮೇಲು. ಮಿನ್ನೆಸೋಟದ ಟವರ್ ಎಂಬ ಊರಿನ ಬಳಿ ೧೯೯೬ರ ಫೆಬ್ರವರಿ ೨ರಂದು ಸೊನ್ನೆಗಿಂತ ೫೧ ಡಿಗ್ರಿ ಸೆಲ್ಸಿಯಸ್ ಕೆಳಗಿಳಿದದ್ದು ದಾಖಲೆಯಾಗಿದೆ. ಅಂಥ ದಿನ ಮೀನಿಗಿಂತ ಗಾಳಗಾರನೇ ಮೊದಲು ಹೆಪ್ಪುಗಟ್ಟಿಯಾನು.

ಚಳಿಗಾಲದ ಮೀನಿನ ಸ್ವಭಾವವನ್ನು ಅರಿಯದೆ ಎಷ್ಟು ತೂತು ಕೊರೆದರೂ ವ್ಯರ್ಥ. ತಣ್ಣೀರಿನಲ್ಲಿ ಅದರ ಜೀವವ್ಯಾಪಾರವೆಲ್ಲ ಮಂದವಾಗಿರುತ್ತದೆ. ಹಸಿವು ಕಡಮೆ, ಓಡಾಟ ಕಡಮೆ. ಎರೆಯನ್ನು ಅಟ್ಟಿಸಿಕೊಂಡು ಬರುವ ಉತ್ಸಾಹವಿಲ್ಲ. ಬೇಸಗೆಯಲ್ಲಿ ಗಾಳವನ್ನು ಕಸಿದುಕೊಂಡು ಹೋಗುವ ಮೀನು ಈಗ ತುಟಿಗೆ ಸೋಕಿಸಿ ಬಿಟ್ಟುಬಿಡುತ್ತದೆ. ಆದ್ದರಿಂದ ದಾರ ಸಣ್ಣದು, ಗಾಳ ಚಿಕ್ಕದು, ಕೋಲಿನ ತುದಿ ಹುಲ್ಲುಕಡ್ಡಿಯಂತೆ ಬಳುಕುವಂಥದು. ಮೊದಲು ಸೀಸದ ಗುಂಡನ್ನು ಇಳಿಬಿಟ್ಟು ತಳವನ್ನು ಮುಟ್ಟಿಸಿ ಆಳವನ್ನು ತಿಳಿದುಕೊಳ್ಳುತ್ತಾರೆ. ಆಮೇಲೆ ಎರೆಯನ್ನು ತಳದಿಂದ ಒಂದು ಅಡಿಯಷ್ಟು ಮೇಲೆ ನಿಲ್ಲಿಸಿ, ಮಣಿಕಟ್ಟನ್ನು ಮಾತ್ರ ಆಡಿಸುತ್ತ ಒಂದೆರಡು ಬಾರಿ ಎತ್ತಿ ಇಳಿಸಿ, ಬಹಳ ಹೊತ್ತು ಸುಮ್ಮನಿರುತ್ತಾರೆ. ಮೀನು ಕಚ್ಚುವುದು ಹೆಚ್ಚಾಗಿ ಈ ಸುಮ್ಮನಿರುವ ಹೊತ್ತಿನಲ್ಲಿ. ಕೈ ಚುರುಕಾಗಿ ಆಡುವ ಉತ್ಸಾಹಿಗಳಿಗಿಂತ ಸೋಮಾರಿಗಳಿಗೆ ಇಲ್ಲಿ ಫಲ ಹೆಚ್ಚೆಂದರೆ ತಪ್ಪಾಗಲಾರದು. ಪ್ರತಿಧ್ವನಿಯಿಂದ ಆಳವನ್ನೂ ಮೀನನ್ನೂ ತೋರಿಸುವ ಯಂತ್ರಗಳು ಈಗ ಬಂದಿವೆ. ಬೇಕಾದವರು ಕೊಂಡುಕೊಳ್ಳಬಹುದು, ಸೀಸದ ಗುಂಡು ಕೆಟ್ಟುಹೋಗುವುದಿಲ್ಲವೆಂಬುದನ್ನು ಮರೆಯದಿದ್ದರೆ ಸರಿ.

ಹಗಲಿನಲ್ಲಿ ಹೊಸಬನಿಗೆ ಒಲಿಯುವುದು ಪರ್ಚ್ ಎಂಬ ಪಟ್ಟೆಗಳುಳ್ಳ ಸಣ್ಣ ಮೀನು. ಅದು ಹಿಂಡುಹಿಂಡಾಗಿರುತ್ತದೆ, ಒಂದು ಸಿಕ್ಕಿತೆಂದರೆ ಮತ್ತೆ ನಾಲ್ಕು ಸಿಗುವ ಭರವಸೆ. ಮಿನ್ನೆಸೋಟದವರು ೧೯೬೫ರಲ್ಲಿ ತಮ್ಮ ಸಂಸ್ಥಾನದ ಮೀನೆಂದು ಗೌರವಿಸಿದ ವಾಲೈ ಮಾತ್ರ ಸಂಜೆಯವರೆಗೆ ಕಾಯಿಸುತ್ತದೆ. ಅದರ ಕಣ್ಣಿನ ಹಿಂದೆ ಬೆಕ್ಕಿನ ಕಣ್ಣಿನಲ್ಲಿರುವಂತೆಯೇ ಬೆಳಕನ್ನು ಪ್ರತಿಫಲಿಸುವ ಪದರವೊಂದಿದೆ. ಮುಸ್ಸಂಜೆಯ ಮಬ್ಬಿನಲ್ಲಿ ಇತರ ಮೀನುಗಳಿಗೆ ಕಣ್ಣು ಕಾಣದಿರುವಾಗ ಇದು ಸ್ಪಷ್ಟವಾಗಿ ಕಂಡು ಬೇಟೆಗೆ ಹೊರಡುತ್ತದೆ. ಕಾನೂನಿನ ಪ್ರಕಾರ ಅಲ್ಲಿ ಚಳಿಗಾಲದಲ್ಲಿ ಒಬ್ಬನು ಎರಡು ದಾರಗಳನ್ನು ಇಳಿಬಿಡಬಹುದು. ಒಂದನ್ನು ಕೈಯಲ್ಲಿ ಹಿಡಿದು, ಇನ್ನೊಂದಕ್ಕೆ ಬಾವುಟದ ಯಂತ್ರವನ್ನು ಜೋಡಿಸುತ್ತಾರೆ: ಮೀನು ಎಳೆದರೆ ಮಡಿಸಿದ್ದ ಸಣ್ಣ ಬಾವುಟ ಟಕ್ಕೆಂದು ನೆಟ್ಟಗಾಗುತ್ತದೆ. ಮಕ್ಕಳಿಗೆ ಇಡೀ ದಿನದ ಸಂಭ್ರಮ ಆ ಬಾವುಟದಲ್ಲಿಯೇ ಇರುತ್ತದೆ.

ಗುಡಿಸಲುಗಳ ವಿಷಯ ಬೇರೆಯೇ ಒಂದು ಪುರಾಣ. ಸುಮಾರು ಇನ್ನೂರು ಚದರ ಮೈಲಿ ವಿಸ್ತಾರದ ಮಿಲ್ ಲ್ಯಾಕ್ಸ್ ಸರೋವರದ ಮೇಲೆ ಗಡ್ಡೆ ಬಲಿತ ಚಳಿಗಾಲದಲ್ಲಿ ಗುಡಿಸಲುಗಳ ಊರೇ ಏಳುತ್ತದೆ. ಒಲೆ, ಮಂಚ, ದೀಪಗಳ ಅನುಕೂಲವುಳ್ಳ, ಗಾಲಿಗಳ ಮೇಲೆ ಎಳೆದು ತರುವ ಮನೆಗಳೂ ಇವೆ. ಬೆಚ್ಚಗಿರಲೆಂದು ಸಂದುಗಳನ್ನೆಲ್ಲ ಮುಚ್ಚಿ ಒಳಗೆ ಒಲೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ತುಂಬಿಕೊಳ್ಳುತ್ತದೆ. ಮೇಲೊಂದು ಕೆಳಗೊಂದು ಗಾಳಿಕಂಡಿ ಸದಾ ತೆರೆದಿರಲೇಬೇಕು. ಈ ಗುಡಿಸಲುಗಳಿಗಿಂತ ಬಹಳ ಹಿಂದಿನಿಂದ ಅಲ್ಲಿಯ ಮೂಲನಿವಾಸಿಗಳಾದ ಒಜಿಬ್ವೆ ಜನರು ಇದೇ ಸರೋವರಗಳ ಮೇಲೆ ಮೀನು ಹಿಡಿಯುತ್ತಿದ್ದವರು. ಗಡ್ಡೆಯಲ್ಲಿ ತೂತು ಮಾಡಿ, ಅದರ ಬಳಿ ಬೋರಲು ಮಲಗಿ, ಹೊದಿಕೆಯಿಂದ ತಲೆಯನ್ನೂ ತೂತನ್ನೂ ಮುಚ್ಚಿಕೊಳ್ಳುತ್ತಿದ್ದರು. ಹೊರಗಿನ ಬೆಳಕು ಮರೆಯಾದೊಡನೆ ಕೆಳಗಿನ ನೀರು ತಿಳಿಯಾಗಿ ಕಾಣುತ್ತದೆ. ಮರದಲ್ಲಿ ಕೆತ್ತಿದ ಪುಟ್ಟ ಮೀನಿನ ಬೊಂಬೆಯನ್ನು ದಾರಕ್ಕೆ ಕಟ್ಟಿ ನೀರಿನಲ್ಲಿ ಕುಣಿಸಿ, ದೊಡ್ಡ ಮೀನು ಹತ್ತಿರ ಬಂದಾಗ ಈಟಿಯಿಂದ ತಿವಿಯುವ ಉಪಾಯ ಅವರದು. ವಿನೋದಕ್ಕಲ್ಲ, ಚಳಿಗಾಲದ ಹಸಿವಿಗಾಗಿ.

ಫಿನ್‌ಲೆಂಡಿನಲ್ಲಿ ಈ ಕಲೆಗೆ ಮತ್ತೊಂದು ಮರ್ಯಾದೆಯಿದೆ. ಸಣ್ಣ ಕೋಲು ಹಿಡಿದು ಗಡ್ಡೆಯ ತೂತಿನಿಂದ ಮೀನು ಹಿಡಿಯುವುದು ಅಲ್ಲಿ ಸರ್ವಜನರ ಹಕ್ಕು, ಅದಕ್ಕೆ ಶುಲ್ಕವಿಲ್ಲ. ವಿಶೇಷವಾಗಿ ನಿಷೇಧಿಸಿದ ಕೆಲವು ಜಲಭಾಗಗಳನ್ನು ಬಿಟ್ಟರೆ ಬಡವ ಬಲ್ಲಿದರೆಂಬ ಭೇದವಿಲ್ಲದೆ ಯಾರು ಬೇಕಾದರೂ ಸ್ಟೂಲು ಹೊತ್ತುಕೊಂಡು ಹೊರಡಬಹುದು. ಮಿನ್ನೆಸೋಟದಲ್ಲಿ ಹದಿನಾರು ವರ್ಷ ತುಂಬಿದವರಿಗೆ ಪರವಾನಗಿ ಬೇಕು. ವಾಲೈ ಹಿಡಿಯುವ ಅವಧಿಯೂ ಒಳನಾಡಿನ ಸರೋವರಗಳಲ್ಲಿ ಫೆಬ್ರವರಿಯ ಕೊನೆಗೆ ಮುಗಿಯುತ್ತದೆ.

ಹಳಬರ ಅನುಭವವನ್ನು ಇದುವರೆಗೆ ಹೊಗಳಿದ್ದಾಯಿತು. ಆದರೆ ಆ ಅನುಭವದ ಒಂದು ಭಾಗ ಈಗ ಸವೆಯುತ್ತಿದೆ. ‘ಕ್ರಿಸ್‌ಮಸ್ ಕಳೆದರೆ ಈ ಕೊಲ್ಲಿಯಲ್ಲಿ ಭಯವಿಲ್ಲ’ ಎಂಬಂಥ ಮಾತುಗಳು ಹಿಂದಿನ ಚಳಿಗಾಲಗಳ ಮೇಲೆ ಕಟ್ಟಿದವು. ಜಪಾನಿನ ನಾಗಾನೊ ಪ್ರಾಂತದ ಸುವಾ ಸರೋವರದ ದಂಡೆಯ ದೇವಾಲಯದ ಅರ್ಚಕರು, ಆ ಸರೋವರ ಯಾವಾಗ ಹೆಪ್ಪುಗಟ್ಟಿತೆಂಬುದನ್ನು ೧೪೪೩ರಿಂದ ಬರೆದಿಡುತ್ತ ಬಂದಿದ್ದಾರೆ. ಗಡ್ಡೆಯ ಮೇಲೆ ಏಳುವ ಏಣನ್ನು, ದೇವರು ಆಚೆಯ ದಡದ ದೇವಿಯನ್ನು ಕಾಣಲು ನಡೆದುಹೋದ ಹೆಜ್ಜೆಯ ಜಾಡೆಂದು ಭಾವಿಸಿದ ಭಕ್ತಿಯ ಫಲವದು. ಆ ದಾಖಲೆಯ ಮೊದಲ ಎರಡೂವರೆ ಶತಮಾನಗಳಲ್ಲಿ ಸರೋವರ ಹೆಪ್ಪುಗಟ್ಟದೆ ಉಳಿದದ್ದು ಮೂರೇ ಬಾರಿ. ೧೯೫೫ರಿಂದ ೨೦೦೪ರವರೆಗಿನ ಐವತ್ತು ವರ್ಷಗಳಲ್ಲಿ ಹನ್ನೆರಡು ಬಾರಿ. ಅನಂತರದ ಹತ್ತೇ ವರ್ಷಗಳಲ್ಲಿ ಐದು ಬಾರಿ. ಮಿನ್ನೆಸೋಟದಲ್ಲಿಯೂ ೨೦೨೩–೨೪ರ ಚಳಿಗಾಲ ಬೆಚ್ಚಗಾಗಿ, ಬ್ರೇನರ್ಡ್ ಪಟ್ಟಣದ ಬಳಿ ವರ್ಷವರ್ಷವೂ ಸಾವಿರಾರು ಜನ ಸೇರುವ ಗಾಳದ ಸ್ಪರ್ಧೆಯನ್ನು ೨೦೨೪ರಲ್ಲಿ ಕೈಬಿಡಬೇಕಾಯಿತು. ಸ್ಪರ್ಧೆಯವರು ಗಡ್ಡೆಯನ್ನು ಅಳೆದು ನೋಡಿ ನಿಲ್ಲಿಸಿದರು. ಪಂಚಾಂಗವನ್ನು ನೋಡಿ ಹೊರಡುವ ಒಂಟಿ ಗಾಳಗಾರನಿಗೆ ಹಾಗೆ ಹೇಳುವವರು ಯಾರೂ ಇರುವುದಿಲ್ಲ. ಅವನ ಕೈಯ ಹಾರೆಯೇ ಹೇಳಬೇಕು.

ಸಂಜೆಗೆ ಹಿಂದಿರುಗುವಾಗ ಗಾಳಗಾರನಿಗೆ ಇನ್ನೊಂದು ಕೆಲಸ ಉಳಿದಿರುತ್ತದೆ. ಅವನು ಕೊರೆದ ತೂತು ರಾತ್ರಿ ತೆಳುವಾಗಿ ಕೆನೆಗಟ್ಟುತ್ತದೆ. ಮೇಲೆ ಹಿಮ ಬಿದ್ದರೆ ಬೆಳಗಿಗೆ ಗುರುತೇ ಇರುವುದಿಲ್ಲ. ಎಂಟು ಅಂಗುಲದ ತೂತಿನಲ್ಲಿ ಮನುಷ್ಯ ಮುಳುಗಲಾರನು, ಆದರೆ ಓಡಿಬರುವ ಮಗುವಿನ ಕಾಲು ಮುರಿಯುವುದಕ್ಕೆ ಅಷ್ಟು ಸಾಕು. ಈಟಿಗಾರರ ತೂತಾದರೆ ಬಾಗಿಲಿನಷ್ಟು ಅಗಲವಿರುತ್ತದೆ. ಆದ್ದರಿಂದ ಸಾಮಾನನ್ನೆಲ್ಲ ಬಕೆಟ್ಟಿಗೆ ತುಂಬಿದ ಮೇಲೆ ದಂಡೆಯಿಂದ ತಂದ ಪೈನ್ ಮರದ ಒಂದು ಹಸಿರು ರೆಂಬೆಯನ್ನು ತೂತಿನಲ್ಲಿ ನಿಲ್ಲಿಸಿ, ಸುತ್ತ ಹಿಮವನ್ನು ಒತ್ತಿ, ಅದು ಬೀಳದೆ ನಿಂತಿತೆಂದು ಖಚಿತಪಡಿಸಿಕೊಂಡು ಅವನು ದಡದ ಕಡೆಗೆ ಹೊರಡುತ್ತಾನೆ.